ರೆಪ್ಪೆಯೋ ಕಾರ್ನಿಯಾವೋ: ಕಣ್ಣಿನ ತೊಂದರೆಯನ್ನು ಮನೆಯಲ್ಲೇ ಗುರುತಿಸುವ ಬಗೆ

ಕಣ್ಣಿನ ಹೊರಗಡೆಯ ತೊಂದರೆಗಳಲ್ಲಿ ಎರಡು ಜಾತಿ. ಒಂದು ರೆಪ್ಪೆಯದು. ನೋಡಿದರೆ ಗಾಬರಿಯಾಗುತ್ತದೆ, ಆದರೆ ಹೆಚ್ಚಿನವು ನಾಲ್ಕು ದಿನ ಕಾಯುತ್ತವೆ. ಇನ್ನೊಂದು ಕಾರ್ನಿಯಾದ್ದು, ಅಂದರೆ ಕರಿಗುಡ್ಡೆಯನ್ನು ಮುಚ್ಚಿಕೊಂಡಿರುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪಾರದರ್ಶಕ ಪೊರೆಯದು. ಅದು ಕೆಟ್ಟಾಗ ಮೊದಮೊದಲು ಕಾಣುವುದು ಬರೀ ಕೆಂಪು. ಆದರೆ ಅದಕ್ಕೆ ಕಾಯುವ ವ್ಯವಧಾನ ಇಲ್ಲ. ಕಾಸರಗೋಡಿನ ನಮ್ಮ ಜನ ಇವೆರಡನ್ನೂ ಅದಲುಬದಲು ಮಾಡಿಕೊಳ್ಳುವುದನ್ನು ಕಣ್ಣು ಪರೀಕ್ಷೆಯ ಕೋಣೆಯಲ್ಲಿ ಕುಳಿತು ನೋಡುತ್ತಲೇ ಇದ್ದೇನೆ. ರೆಪ್ಪೆಯಲ್ಲಿ ಕುರು ಎದ್ದರೆ ಮರುದಿನವೇ ತಲಪಾಡಿ ದಾಟಿ ಮಂಗಳೂರಿಗೆ ಓಡುತ್ತಾರೆ. ಅಡಿಕೆ ಸೋಗೆ ಬಡಿದ ಕಣ್ಣಿಗೆ ಮಾತ್ರ ಪೇಟೆಯ ಮೆಡಿಕಲ್‌ನಿಂದ ಒಂದು ಡ್ರಾಪ್ಸ್ ತಂದು ವಾರ ಕಳೆಯುತ್ತಾರೆ.

ಯಾವುದಕ್ಕೂ ಮೊದಲು ಖರ್ಚಿಲ್ಲದ ಪರೀಕ್ಷೆ

ಕೈಯನ್ನು ಸಾಬೂನು ಹಾಕಿ ತೊಳೆದುಕೊಳ್ಳಿ. ಕನ್ನಡಕ ಹಾಕುವವರು ಹಾಕಿಕೊಂಡೇ ಗೋಡೆಯ ಕ್ಯಾಲೆಂಡರಿನ ಎದುರು ನಿಲ್ಲಿ. ಅಂಗೈಯಿಂದ ಒಂದು ಕಣ್ಣನ್ನು ಒತ್ತದೆ ಮುಚ್ಚಿ ತಾರೀಕು ಓದಿ, ಮತ್ತೆ ಇನ್ನೊಂದನ್ನು ಮುಚ್ಚಿ ಓದಿ. ಎರಡೂ ಕಣ್ಣು ತೆರೆದಿರುವಾಗ ಒಳ್ಳೆಯ ಕಣ್ಣು ಕೆಟ್ಟದ್ದರ ಕೆಲಸವನ್ನೂ ಮಾಡಿಬಿಡುವುದರಿಂದ ಒಂದರ ದೃಷ್ಟಿ ಕುಂದಿದ್ದು ಎಷ್ಟೋ ಮಂದಿಗೆ ಗೊತ್ತೇ ಆಗುವುದಿಲ್ಲ.

ಆಮೇಲೆ ರೋಗಿಯನ್ನು ಕಿಟಕಿಗೆ ಮುಖ ಮಾಡಿ ಕೂರಿಸಿ ಕರಿಗುಡ್ಡೆಯ ಮೇಲೆ ಬಿದ್ದಿರುವ ಕಿಟಕಿಯ ಪ್ರತಿಬಿಂಬವನ್ನು ನೋಡಿ. ಆರೋಗ್ಯವಾಗಿರುವ ಕಾರ್ನಿಯಾದ ಮೇಲೆ ಚೌಕಟ್ಟಿನ ಅಂಚು, ಸರಳುಗಳ ಗೆರೆ ಸಹ ಸ್ಪಷ್ಟವಾಗಿ ಕಾಣುತ್ತವೆ. ಪ್ರತಿಬಿಂಬ ಒಂದು ಕಡೆ ಮುರಿದಂತೆ, ಕದಡಿದಂತೆ ಕಂಡರೆ ಅಲ್ಲಿನ ಮೇಲ್ಮೈ ಕೆಟ್ಟಿದೆ ಎಂದು ಅರ್ಥ. ಮೊಬೈಲ್ ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಹಿಡಿದು, ಕರಿಭಾಗದ ಮೇಲೆ ಬಿಳಿ ಅಥವಾ ಬೂದು ಚುಕ್ಕೆ ಇದೆಯೇ ಎಂದು ಹುಡುಕಿ. ಎರಡೂ ಪಾಪೆಗಳು, ಅಂದರೆ ಕರಿಗುಡ್ಡೆಯ ನಡುವಿನ ಕಪ್ಪು ರಂಧ್ರಗಳು, ಒಂದೇ ಗಾತ್ರದಲ್ಲಿ ದುಂಡಗೆ ಇರಬೇಕು.

ಕೆಂಪು ಎಲ್ಲಿದೆ ಎಂಬುದೂ ಒಂದು ಸುಳಿವು. ರೆಪ್ಪೆಯ ಒಳಮೈ ಮತ್ತು ಕಣ್ಣಿನ ಮೂಲೆಗಳಲ್ಲಿ ಹೆಚ್ಚು ಕೆಂಪಿದ್ದರೆ ಸಾಮಾನ್ಯವಾಗಿ ಅದು ಕೆಂಗಣ್ಣು ಅಥವಾ ಅಲರ್ಜಿ. ಕರಿಗುಡ್ಡೆಯ ಸುತ್ತಲೇ ಬಳೆ ತೊಡಿಸಿದ ಹಾಗೆ ಕೆಂಪು ಕಟ್ಟಿದ್ದರೆ ಒಳಗೆ ಏನೋ ನಡೆಯುತ್ತಿದೆ. ತುರಿಕೆಯೇ ಮುಖ್ಯವಾದರೆ ಅಲರ್ಜಿ ಇರಬಹುದು. ಪಿಸುರು ಕಟ್ಟಿ ಬೆಳಿಗ್ಗೆ ರೆಪ್ಪೆ ಅಂಟಿಕೊಂಡರೆ ಸೋಂಕು. ನೋವು, ನೀರು, ಬೆಳಕು ಕಂಡರಾಗದಿರುವುದು, ಇವು ಮೂರೂ ಒಟ್ಟಿಗೆ ಬಂದರೆ ಕಾರ್ನಿಯಾದ ಮೇಲೆ ಸಂಶಯ ಪಡಿ. ದೃಷ್ಟಿ ಕುಂದಿದ್ದರೆ, ಬಿಳಿ ಚುಕ್ಕೆ ಕಂಡರೆ ಅಥವಾ ಪಾಪೆಯ ಆಕಾರ ಕೆಟ್ಟಿದ್ದರೆ ಕೆಳಗಿನದನ್ನು ಓದುತ್ತ ಕೂರದೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ರೆಪ್ಪೆಯಲ್ಲಿ ಗಂಟು ಎದ್ದಿದೆ

ಮುಟ್ಟಿದರೆ ನೋಯುವ, ಕೆಂಪಗಿನ, ಕೂದಲಿನ ಬುಡದಲ್ಲೇ ಎದ್ದ ಗುಳ್ಳೆಯಾದರೆ ಅದು ಕಣ್ಣುಕುಟಿಕೆ. ಸ್ವಚ್ಛ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮೊದಲು ಮುಂಗೈಯ ಮೇಲಿಟ್ಟು ಬಿಸಿ ನೋಡಿಕೊಂಡು, ಮುಚ್ಚಿದ ರೆಪ್ಪೆಯ ಮೇಲೆ ಹತ್ತು ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಿದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಒಡೆದೋ ಕರಗಿಯೋ ಹೋಗುತ್ತದೆ. ಹಿಂಡಬೇಡಿ, ಸೂಜಿ ಚುಚ್ಚಬೇಡಿ.

ನೋವಿಲ್ಲದೆ ಬಟಾಣಿಯ ಹಾಗೆ ಗಟ್ಟಿಯಾಗಿ ಕೈಗೆ ಸಿಗುವುದು ಬೇರೆ. ರೆಪ್ಪೆಯೊಳಗಿನ ಎಣ್ಣೆಯ ಗ್ರಂಥಿ ಕಟ್ಟಿಕೊಂಡಾಗ ಹಾಗಾಗುತ್ತದೆ. ಅದಕ್ಕೂ ಬಿಸಿ ಶಾಖವೇ, ಆದರೆ ತಾಳ್ಮೆ ಹೆಚ್ಚು ಬೇಕು. ತಿಂಗಳು ದಾಟಿದರೂ ಕರಗದಿದ್ದರೆ ವೈದ್ಯರು ಸಣ್ಣದಾಗಿ ಕೊಯ್ದು ತೆಗೆಯುತ್ತಾರೆ.

ಇಲ್ಲಿ ಒಂದನ್ನು ಒತ್ತಿ ಹೇಳಬೇಕು. ವಯಸ್ಸಾದವರಲ್ಲಿ ಅದೇ ಜಾಗದಲ್ಲಿ ಗಂಟು ಮತ್ತೆ ಮತ್ತೆ ಬಂದರೆ, ಅಥವಾ ಗಂಟಿನ ಮೇಲಿನ ರೆಪ್ಪೆಗೂದಲು ಉದುರಿ ಬೋಳಾದರೆ, ಅದನ್ನು ಕುರು ಎಂದು ತಳ್ಳಿಹಾಕಬೇಡಿ. ರೆಪ್ಪೆಯ ಎಣ್ಣೆಗ್ರಂಥಿಗಳಿಂದ ಹುಟ್ಟುವ ಕ್ಯಾನ್ಸರ್ ಹೀಗೇ ಸಭ್ಯವಾಗಿ ಬರುತ್ತದೆ, ಭಾರತದಲ್ಲಿ ಅದು ಅಷ್ಟೇನೂ ಅಪರೂಪವಲ್ಲ. ಕೊಯ್ದು ತೆಗೆದ ತುಣುಕನ್ನು ಪರೀಕ್ಷೆಗೆ ಕಳುಹಿಸುವಂತೆ ಕೇಳಲು ಸಂಕೋಚ ಬೇಡ.

ತೋಟಕ್ಕೋ ಗುಡ್ಡಕ್ಕೋ ಹೋಗಿ ಬಂದ ಮೇಲೆ ಕೂದಲಿನ ಬುಡದಲ್ಲಿ ಕಂದು ಬಣ್ಣದ ಸಣ್ಣ ಗಂಟು ಹೊಸದಾಗಿ ಕಂಡರೆ ಟಾರ್ಚ್ ಹಾಕಿ ನೋಡಿ, ಕಾಲುಗಳಿರಬಹುದು! ಉಣ್ಣಿ ಕಚ್ಚಿಕೊಂಡಿರುತ್ತದೆ. ಕಿತ್ತರೆ ತಲೆ ಒಳಗೇ ಉಳಿಯುತ್ತದೆ, ಎಣ್ಣೆ ಸುರಿದರೆ ಕಣ್ಣು ಉರಿಯುತ್ತದೆ. ಚಿಮುಟ ಹಿಡಿದು ತೆಗೆಯುವ ಕೆಲಸ ವೈದ್ಯರದು.

ರೆಪ್ಪೆಯ ಅಂಚಿನಲ್ಲಿ ಹೊಟ್ಟು, ಬೆಳಗಿನ ಉರಿ

ಕೂದಲಿನ ಬುಡದಲ್ಲಿ ತಲೆಹೊಟ್ಟಿನಂಥ ಪದರ, ಕೆಂಪಗಿನ ಅಂಚು, ಎದ್ದ ಕೂಡಲೇ ಉರಿ. ಇದು ರೆಪ್ಪೆಯಂಚಿನ ಉರಿಯೂತ. ದೃಷ್ಟಿಗೆ ಅಪಾಯ ಕಡಿಮೆ, ಕಾಟ ಜಾಸ್ತಿ. ಬಿಸಿ ಶಾಖ ಕೊಟ್ಟು, ಮಕ್ಕಳ ಶಾಂಪೂವನ್ನು ನೀರಿನಲ್ಲಿ ತೆಳುವಾಗಿ ಕಲಸಿ, ಹತ್ತಿಯ ಕಡ್ಡಿಯಿಂದ ಅಂಚನ್ನು ದಿನವೂ ಒರೆಸಿದರೆ ತಹಬಂದಿಗೆ ಬರುತ್ತದೆ. ಪೂರ್ತಿ ಹೋಗುವುದಿಲ್ಲ, ಹಲ್ಲುಜ್ಜಿದ ಹಾಗೆ ರೂಢಿ ಮಾಡಿಕೊಳ್ಳಬೇಕು. ಕಾಡಿಗೆಯನ್ನು ಕೆಲವು ವಾರ ಬಿಡಿ.

ರೆಪ್ಪೆ ಇಡೀ ಊದಿದೆ

ಹಿಂದಿನ ದಿನ ಏನು ಮುಟ್ಟಿದಿರಿ ಎಂದು ಮೊದಲು ನೆನಪಿಸಿಕೊಳ್ಳಿ. ಗೇರುಬೀಜದ ಸಿಪ್ಪೆಯ ಎಣ್ಣೆ ಅಥವಾ ಮಾವಿನ ಸೊನೆ ಬೆರಳಿನಿಂದ ರೆಪ್ಪೆಗೆ ಹತ್ತಿದರೆ ಅಲ್ಲಿನ ತೆಳು ಚರ್ಮ ಉಬ್ಬಿ ಸಿಪ್ಪೆ ಏಳುತ್ತದೆ. ಕಣ್ಣಿನ ಒಳಗೆ ನೋವಿಲ್ಲ, ದೃಷ್ಟಿ ಸರಿಯಿದೆ ಎಂದಾದರೆ ತಣ್ಣೀರಿನ ಬಟ್ಟೆ ಸಾಕು. ಎರಡೂ ಕಣ್ಣು ತುರಿಸುತ್ತ ಊದಿದ್ದರೆ ಅಲರ್ಜಿ.

ಆದರೆ ಜ್ವರ ಇದ್ದು, ಒಂದೇ ಕಣ್ಣು ಊದಿ, ಗುಡ್ಡೆ ಆಚೀಚೆ ತಿರುಗಿಸುವಾಗ ನೋವಾದರೆ, ಎರಡೆರಡು ಕಂಡರೆ ಅಥವಾ ಗುಡ್ಡೆ ಮುಂದಕ್ಕೆ ಬಂದಂತೆ ತೋರಿದರೆ ಸೋಂಕು ಕಣ್ಣಿನ ಗೂಡಿಗೆ ಇಳಿದಿದೆ. ಮಕ್ಕಳಲ್ಲಿ ಇದು ಶೀತ, ಸೈನಸ್ ಸೋಂಕಿನ ಬೆನ್ನಿಗೇ ಬರುತ್ತದೆ. ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ, ಅದೇ ರಾತ್ರಿ ಆಸ್ಪತ್ರೆಗೆ ದಾಖಲಾಗಬೇಕು.

ಹಣೆಯ ಒಂದು ಬದಿಯಲ್ಲಿ ಉರಿ ಶುರುವಾಗಿ, ಎರಡು ಮೂರು ದಿನದಲ್ಲಿ ಗುಳ್ಳೆಗಳ ಸಾಲು ರೆಪ್ಪೆಗೆ ಇಳಿದರೆ ಅದು ಸರ್ಪಸುತ್ತು. ನಮ್ಮ ಕಡೆ ಸರ್ಪಸುತ್ತು ಎಂದ ಕೂಡಲೇ ಕೆಮ್ಮಣ್ಣು, ಹಸಿರು ಮದ್ದು, ಮಂತ್ರಿಸಿದ ನೀರು ಹೊರಡುತ್ತವೆ. ನಂಬಿಕೆಯ ಜೊತೆ ನನಗೆ ಜಗಳವಿಲ್ಲ, ಆದರೆ ಮೂಗಿನ ತುದಿಯನ್ನು ಒಮ್ಮೆ ನೋಡಿ. ಅಲ್ಲಿಯೂ ಗುಳ್ಳೆ ಇದ್ದರೆ ಕಣ್ಣಿನ ಒಳಗೂ ರೋಗ ಇಳಿಯುವ ಸಾಧ್ಯತೆ ಬಹಳ ಹೆಚ್ಚು, ಏಕೆಂದರೆ ಮೂಗಿನ ತುದಿಗೂ ಕಾರ್ನಿಯಾಕ್ಕೂ ಹೋಗುವುದು ಒಂದೇ ನರದ ಕವಲು. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ನಿರೋಧಕ ಮಾತ್ರೆ ಶುರುವಾದರೆ ಫಲ ಹೆಚ್ಚು. ಮಂತ್ರದ ಮನೆಗೆ ಹೋಗುವವರೂ ಆಸ್ಪತ್ರೆಯನ್ನು ಮೊದಲು ಮುಗಿಸಿ ಹೋಗಲಿ. ರೆಪ್ಪೆಯ ಗುಳ್ಳೆಗಳ ಮೇಲೆ ಏನನ್ನೂ ಮೆತ್ತಬೇಡಿ, ಅದು ಕರಗಿ ಕಣ್ಣಿಗೇ ಇಳಿಯುತ್ತದೆ.

ರೆಪ್ಪೆ ಜೋತುಬಿದ್ದಿದೆ, ಅಥವಾ ಮುಚ್ಚುವುದೇ ಇಲ್ಲ

ವರ್ಷಗಳಿಂದ ನಿಧಾನವಾಗಿ ಇಳಿದಿದ್ದರೆ ವಯಸ್ಸಿನದು. ಬೆಳಿಗ್ಗೆ ಸರಿಯಿದ್ದು ಸಂಜೆಯ ಹೊತ್ತಿಗೆ ಜೋಲುತ್ತಿದ್ದರೆ ಸ್ನಾಯುಗಳನ್ನು ದಣಿಸುವ ಮಯಸ್ತೇನಿಯಾ ಎಂಬ ಕಾಯಿಲೆ ಇರಬಹುದು, ಪರೀಕ್ಷೆ ಬೇಕು. ಒಂದು ಬದಿ ಹಠಾತ್ತಾಗಿ ಇಳಿದು, ಆ ಕಣ್ಣಿನ ಪಾಪೆ ಹಿಗ್ಗಿ, ತಲೆನೋವು ಬಂದರೆ ಮೆದುಳಿನ ರಕ್ತನಾಳದ ತೊಂದರೆಯ ಸೂಚನೆ, ತುರ್ತು.

ಇನ್ನೊಂದು ಸಂದರ್ಭ ಕಣ್ಣಿನ ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ, ನಮ್ಮ ಊರುಗಳಲ್ಲಿ ಹಾಗೆ ಮುಗಿಸಲಾಗದು. ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗಿದವರು ಬೆಳಿಗ್ಗೆ ಹೊಟ್ಟೆನೋವೆಂದು ಏಳುತ್ತಾರೆ, ಎರಡೂ ರೆಪ್ಪೆಗಳು ಮೇಲೇಳುವುದಿಲ್ಲ, ನಿದ್ದೆಯ ಮಂಪರು ಎಂದು ಮನೆಯವರು ತಿಳಿಯುತ್ತಾರೆ. ಇದು ಕಟ್ಟುಹಾವಿನ ಕಡಿತ ಆಗಿರಬಹುದು. ಕಟ್ಟುಹಾವು ಕಡಿಯುವುದು ಹೆಚ್ಚಾಗಿ ರಾತ್ರಿ, ನೋವು ಇಲ್ಲವೆನ್ನುವಷ್ಟು ಕಡಿಮೆ, ಹಲ್ಲಿನ ಗುರುತೂ ಕಾಣಿಸದಿರಬಹುದು. ವಿಷ ನರಗಳಿಗೆ ಹತ್ತಿದಾಗ ಮೊದಲು ಸೋಲುವುದು ರೆಪ್ಪೆಗಳೇ, ಆಮೇಲೆ ನುಂಗುವುದು, ಮಾತು, ಉಸಿರು. ಗಾಯ ಹುಡುಕುತ್ತ ಹೊತ್ತು ಕಳೆಯಬೇಡಿ, 108ಕ್ಕೆ ಕರೆ ಮಾಡಿ. ವಿಷನಿರೋಧಕ ಚುಚ್ಚುಮದ್ದೂ ಉಸಿರಾಟದ ಯಂತ್ರವೂ ಇರುವ ಆಸ್ಪತ್ರೆಗೇ ಹೋಗಬೇಕು.

ರೆಪ್ಪೆ ಮುಚ್ಚದಿರುವುದು ಇದರ ತಿರುವುಮುರುವು. ಮುಖದ ಒಂದು ಬದಿ ಸೋತಾಗ ಬಾಯಿ ಸೊಟ್ಟಗಾದುದನ್ನು ಎಲ್ಲರೂ ನೋಡುತ್ತಾರೆ, ರಾತ್ರಿಯಿಡೀ ತೆರೆದೇ ಉಳಿದ ಕಣ್ಣನ್ನು ಯಾರೂ ನೋಡುವುದಿಲ್ಲ. ಒಣಗಿದ ಕಾರ್ನಿಯಾ ಕೆಲವೇ ದಿನಗಳಲ್ಲಿ ಹುಣ್ಣಾಗಬಹುದು. ಕೈಕಾಲಿಗೂ ಶಕ್ತಿ ಇಲ್ಲದಿದ್ದರೆ ಅಥವಾ ಮಾತು ತೊದಲಿದರೆ ಪಾರ್ಶ್ವವಾಯು, ಕೂಡಲೇ ಹೊರಡಿ. ಬರೀ ಮುಖದ್ದಾದರೂ ವೈದ್ಯರಿಗೆ ತೋರಿಸಿ, ಅವರು ಹೇಳಿದ ಮುಲಾಮನ್ನು ಹಚ್ಚಿ, ಮಲಗುವಾಗ ರೆಪ್ಪೆಯನ್ನು ಮುಚ್ಚಿ ಕಾಗದದ ಟೇಪ್ ಅಂಟಿಸಿ.

ಕಣ್ಣಿನಲ್ಲಿ ಕಸ ಬಿದ್ದ ಹಾಗೆ

ನಿಜವಾಗಿ ಕಸ ಬಿದ್ದಿದ್ದರೆ ಉಜ್ಜದೆ, ಶುದ್ಧ ನೀರಿನಲ್ಲಿ ಕಣ್ಣು ಪಿಳುಕಿಸಿ. ಹೋಗದಿದ್ದರೆ ಮೇಲಿನ ರೆಪ್ಪೆಯ ಅಡಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಪಿಳುಕಿಸಿದಾಗಲೆಲ್ಲ ಗೀರಿದಂತಾಗುವುದೇ ಅದರ ಗುರುತು. ಕರಿಗುಡ್ಡೆಯ ಮೇಲೆ ಅಂಟಿ ಕೂತದ್ದನ್ನು ಸೆರಗಿನ ತುದಿ, ಬೆಂಕಿಕಡ್ಡಿ, ನಾಲಿಗೆ ಯಾವುದರಿಂದಲೂ ತೆಗೆಯಲು ಹೋಗಬೇಡಿ. ನಾಲಿಗೆಯಿಂದ ಕಸ ತೆಗೆಯುವ ಅಜ್ಜಿಯರು ಇನ್ನೂ ಇದ್ದಾರೆ. ಬಾಯಿಯ ಬ್ಯಾಕ್ಟೀರಿಯಾ ಗೀರಿದ ಕಾರ್ನಿಯಾಕ್ಕೆ ಸಿಗುವುದು ಆಗ.

ದಿನವಿಡೀ ಇರುವ ಮರಳಿನಂಥ ಕಿರಿಕಿರಿ ಕಣ್ಣು ಒಣಗಿದ್ದರಿಂದ. ಮುದುಕರಲ್ಲಿ ಒಂದೇ ಕಡೆ ಸದಾ ಚುಚ್ಚುತ್ತಿದ್ದರೆ ಕೆಳರೆಪ್ಪೆ ಒಳಕ್ಕೆ ಮಡಚಿ ಕೂದಲು ಗುಡ್ಡೆಗೆ ತಾಗುತ್ತಿರಬಹುದು. ಕೂದಲು ಕಿತ್ತರೆ ತಾತ್ಕಾಲಿಕ ಸುಖ, ರೆಪ್ಪೆ ಸರಿಪಡಿಸಿದರೆ ಶಾಶ್ವತ. ವೆಲ್ಡಿಂಗ್ ನೋಡಿದ ದಿನ ನಡುರಾತ್ರಿ ಎರಡೂ ಕಣ್ಣು ಉರಿದು ನೀರು ಸುರಿದರೆ ಅದು ಬೆಳಕಿನ ಸುಟ್ಟಗಾಯ, ಒಂದೆರಡು ದಿನದಲ್ಲಿ ಮಾಯುತ್ತದೆ.

ಹುಲ್ಲು ಕತ್ತರಿಸುವ ಯಂತ್ರದ ಕತೆ ಬೇರೆ. ಅದರ ಬ್ಲೇಡಿಗೆ ತಾಗಿ ಹಾರಿದ ಕಲ್ಲು ಅಥವಾ ಲೋಹದ ಚೂರು ಕಣ್ಣನ್ನು ತೂರಿ ಒಳಗೆ ಹೋಗಿರಬಹುದು, ಹೊರಗೆ ಹನಿ ರಕ್ತವೂ ಕಾಣದಿರಬಹುದು. ಪಾಪೆ ಒಂದು ಕಡೆ ಎಳೆದಂತೆ ಚೂಪಾಗಿದ್ದರೆ, ಬಿಸಿನೀರು ಹರಿದಂತಾಗಿ ದೃಷ್ಟಿ ಮಂಕಾದರೆ, ತೊಳೆಯಬೇಡಿ, ಒತ್ತಬೇಡಿ, ಮದ್ದು ಹಾಕಬೇಡಿ. ಕಣ್ಣಿಗೆ ತಾಗದ ಹಾಗೆ ಕಾಗದದ ಲೋಟದ ಬುಡವನ್ನು ಮುಚ್ಚಿ ಅಂಟಿಸಿ ಹೊರಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದು, ಆದ್ದರಿಂದ ದಾರಿಯಲ್ಲಿ ಏನೂ ತಿನ್ನಬೇಡಿ.

ಸುಣ್ಣ, ಬೋರ್ಡೋ ದ್ರಾವಣ, ಆಸಿಡ್ ಬಿದ್ದಿದೆ

ಇಲ್ಲಿ ಪರೀಕ್ಷೆ ಬೇಡ, ದೃಷ್ಟಿ ನೋಡುವುದೂ ಬೇಡ. ಮೊದಲು ತೊಳೆಯಿರಿ.

ಅಡಿಕೆ ಕೊಳೆಯುವ ಮಹಾಳಿ ರೋಗಕ್ಕೆ ಹೊಡೆಯುವ ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹೊಡೆಯುವಾಗ ಮುಖಕ್ಕೆ ಸಿಡಿಯುವ ಹನಿಗಿಂತಲೂ ಸುಣ್ಣ ಅರಳಿಸುವಾಗ ಕುದಿದು ಹಾರುವ ಹನಿ ಕ್ರೂರ. ಎಲೆಯಡಿಕೆಯ ಸುಣ್ಣದ ಪೊಟ್ಟಣವನ್ನು ಮಕ್ಕಳು ಹಿಸುಕಿ ಆಡುವಾಗ ಒಡೆದು ನೇರ ಕಣ್ಣಿಗೆ ಹಾರುವುದೂ ಉಂಟು. ಕ್ಷಾರವು ಆಮ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಮೇಲ್ಮೈಯಲ್ಲಿ ನಿಲ್ಲದೆ ಒಳಕ್ಕೆ ಇಳಿಯುತ್ತ ಹೋಗುತ್ತದೆ. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ ಬಿದ್ದಾಗಲೂ ಮೊದಲ ಚಿಕಿತ್ಸೆ ಇದೇ.

ನಲ್ಲಿಯದೋ ಬಾವಿಯದೋ, ಕೈಗೆ ಸಿಕ್ಕಿದ ಶುದ್ಧ ನೀರನ್ನು ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ ಅರ್ಧ ಗಂಟೆ ಹರಿಸಿ. ರೋಗಿ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಳ್ಳುತ್ತಾರೆ, ಇನ್ನೊಬ್ಬರು ಬಲವಾಗಿ ತೆರೆದು ಹಿಡಿಯಲೇಬೇಕು. ಸುಣ್ಣದ ಕಣ ಮೇಲಿನ ರೆಪ್ಪೆಯ ಅಡಿ ಕೂತು ಸುಡುತ್ತಲೇ ಇರುವುದರಿಂದ ಒದ್ದೆ ಹತ್ತಿಯಿಂದ ಕಾಣುವುದನ್ನೆಲ್ಲ ತೆಗೆಯಿರಿ. ಸುಣ್ಣಕ್ಕೆ ಹುಳಿ ಮದ್ದೆಂದು ನಿಂಬೆರಸ ಹಿಂಡುವುದು ಶುದ್ಧ ಮೂರ್ಖತನ. ತೊಳೆದ ಮೇಲೆ ಕಣ್ಣು ಕೆಂಪಾಗದೆ ಬೆಳ್ಳಗಿದೆ ಎಂದು ಸಮಾಧಾನಪಡಬೇಡಿ, ರಕ್ತನಾಳಗಳು ಸುಟ್ಟುಹೋದಾಗ ಬಿಳಿ ಕಾಣುತ್ತದೆ. ಅಲ್ಲಿಂದ ನೇರ ಆಸ್ಪತ್ರೆಗೆ.

ಎಕ್ಕದ ಹಾಲಿನದು ಇನ್ನೊಂದು ಮೋಸ. ಬಿದ್ದಾಗ ಅಷ್ಟೇನೂ ನೋಯುವುದಿಲ್ಲ, ಕೆಲವು ಗಂಟೆ ಕಳೆದ ಮೇಲೆ ಕಣ್ಣು ಮಂಜು ಮುಸುಕಿದಂತಾಗುತ್ತದೆ. ತೊಳೆದು ಅದೇ ದಿನ ತೋರಿಸಿ, ಚಿಕಿತ್ಸೆಯಿಂದ ಸಾಮಾನ್ಯವಾಗಿ ತಿಳಿಯಾಗುತ್ತದೆ.

ಕೆಂಪು, ನೋವು, ಬೆಳಕು ತಾಳದು

ಈ ಕೈಪಿಡಿಯಲ್ಲಿ ಬೇರೇನೂ ಓದದಿದ್ದರೂ ಇದನ್ನು ಓದಿ. ಸೋಗೆಯ ತುದಿ, ತೆಂಗಿನ ಗರಿ, ಭತ್ತದ ತೆನೆಯ ಮುಳ್ಳು, ದೋಟಿಯಿಂದ ಉದುರಿದ ಒಣ ಚೂರು, ಇವು ಕಾರ್ನಿಯಾವನ್ನು ಗೀರಿದಾಗ ಅಲ್ಲಿ ಶಿಲೀಂಧ್ರದ ಬೀಜವನ್ನೂ ಬಿತ್ತಿ ಹೋಗುತ್ತವೆ. ದಕ್ಷಿಣ ಭಾರತದಲ್ಲಿ ಸೋಂಕಿನಿಂದಾಗುವ ಕಾರ್ನಿಯಾದ ಹುಣ್ಣುಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಶಿಲೀಂಧ್ರದವು, ಮುಖ್ಯವಾಗಿ ಫ್ಯುಸೇರಿಯಂ ಮತ್ತು ಆಸ್ಪರ್ಜಿಲಸ್. ಬ್ಯಾಕ್ಟೀರಿಯಾದ ಹುಣ್ಣು ಒಂದೆರಡು ದಿನದಲ್ಲೇ ನೋವಿನಿಂದ ಎಬ್ಬಿಸುತ್ತದೆ. ಶಿಲೀಂಧ್ರದ್ದು ಹಾಗಲ್ಲ. ಪೆಟ್ಟು ಬಿದ್ದ ದಿನ ನೋವು, ಮರುದಿನ ಪರವಾಗಿಲ್ಲ, ಐದಾರು ದಿನ ಕಳೆದ ಮೇಲೆ ಮತ್ತೆ ಕೆಂಪು, ಕರಿಗುಡ್ಡೆಯ ಮೇಲೆ ಪುಕ್ಕದಂಥ ಅಂಚಿನ ಬೂದುಬಿಳಿ ಚುಕ್ಕೆ. ಮಳೆಗಾಲದ ತೋಟಗಾರರಲ್ಲಿ ಈ ಕ್ರಮ ನೋಡಿ ನೋಡಿ ನನಗೆ ಬಾಯಿಪಾಠವಾಗಿದೆ.

ಇಲ್ಲಿ ಎಲ್ಲ ಕೆಡುವುದು ಒಂದು ಸೀಸೆಯಿಂದ. ಹಿಂದೆ ಯಾರಿಗೋ ಕೊಟ್ಟ, ಫ್ರಿಡ್ಜಿನಲ್ಲಿ ಉಳಿದ ಡ್ರಾಪ್ಸ್. ಹಾಕಿದ ರಾತ್ರಿಯೇ ಕೆಂಪು ಇಳಿಯುತ್ತದೆ, ನೋವು ಕಡಿಮೆಯಾಗುತ್ತದೆ, ಮದ್ದು ಹಿಡಿಯಿತು ಎಂದು ಎಲ್ಲರಿಗೂ ಖುಷಿ. ಅದರಲ್ಲಿರುವುದು ಸ್ಟಿರಾಯ್ಡ್. ಅದು ದೇಹದ ಪ್ರತಿರೋಧವನ್ನು ಮಲಗಿಸುತ್ತದೆ, ಶಿಲೀಂಧ್ರ ನೆಮ್ಮದಿಯಿಂದ ಬೆಳೆಯುತ್ತದೆ. ಸೀಸೆಯ ಮೇಲಿನ ಸಣ್ಣ ಅಕ್ಷರ ಇಂಗ್ಲಿಷಿನಲ್ಲಿರುತ್ತದೆ, ಶಾಲೆಗೆ ಹೋಗುವ ಮಗುವಿನಿಂದ ಓದಿಸಿ: ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಫ್ಲೂರೊಮೆಥೊಲೋನ್, ಲೋಟೆಪ್ರೆಡ್ನಾಲ್. ಇವುಗಳಲ್ಲಿ ಒಂದು ಹೆಸರು ಕಂಡರೂ ವೈದ್ಯರು ಕಣ್ಣು ನೋಡದೆ ಒಂದು ಹನಿಯನ್ನೂ ಹಾಕಬೇಡಿ. ಎದೆಹಾಲು, ಜೇನು, ನಂದಿಬಟ್ಟಲಿನ ರಸ, ಎಳನೀರು, ಇವುಗಳೂ ಗಾಯವಾದ ಕಾರ್ನಿಯಾಕ್ಕೆ ಬೇಡ.

ಗೀರಿದ ಮೊದಲ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗುವುದರಲ್ಲಿ ಎಷ್ಟು ಲಾಭ ಇದೆ ಎಂಬುದಕ್ಕೆ ನೇಪಾಳದ ಭಕ್ತಪುರದಲ್ಲಿ ನಡೆದ ಅಧ್ಯಯನ ಸಾಕ್ಷಿ. ಅಲ್ಲಿ ಪ್ರಾಥಮಿಕ ಕಣ್ಣಿನ ಕಾರ್ಯಕರ್ತರು ಪೆಟ್ಟು ಬಿದ್ದವರನ್ನು ಕಣ್ಣಿನ ಕೇಂದ್ರಕ್ಕೆ ಕಳುಹಿಸಿದರು, ಗೀರಿದ ಕಣ್ಣಿಗೆ ಅಲ್ಲಿ ಕ್ಲೋರಾಂಫೆನಿಕಾಲ್ ಮುಲಾಮಿನ ಮೂರು ದಿನದ ಚಿಕಿತ್ಸೆ ಕೊಟ್ಟರು. 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ.

ಗಾಯವಿಲ್ಲದೆಯೂ ಈ ಲಕ್ಷಣಗಳು ಬರುತ್ತವೆ. ಒಂದೇ ಕಣ್ಣು, ಹಿಂದೆಯೂ ಹೀಗಾಗಿತ್ತು, ಜ್ವರದ ಬೆನ್ನಿಗೆ ಬಂತು ಎಂದಾದರೆ ಹರ್ಪಿಸ್ ವೈರಸ್ ಇರಬಹುದು; ಅದರಲ್ಲೂ ಸ್ಟಿರಾಯ್ಡ್ ಹೊಡೆತ ಕೊಡುತ್ತದೆ. ಮಳೆಗಾಲದಲ್ಲಿ ಕೆರೆಯಲ್ಲಿ ಈಜಿದ ಅಥವಾ ಕೆಸರು ನೀರು ಸಿಡಿದ ಮೇಲೆ ಕೆಂಪಾದ ಕಣ್ಣಿನ ಕಾರ್ನಿಯಾದಲ್ಲಿ ಸಣ್ಣ ಚುಕ್ಕೆಗಳು ಕಂಡರೆ ಮೈಕ್ರೊಸ್ಪೊರಿಡಿಯಾ ಎಂಬ ಸೂಕ್ಷ್ಮಜೀವಿ ಇರಬಹುದು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಬಾವಿ ನೀರಿನಲ್ಲಿ ಲೆನ್ಸ್ ತೊಳೆದಿದ್ದರೆ, ಕಾಣುವ ಕೆಂಪಿಗೂ ಅನುಭವಿಸುವ ನೋವಿಗೂ ತಾಳೆಯೇ ಇಲ್ಲದಿದ್ದರೆ, ಅಕಾಂತಮೀಬಾ ಎಂಬ ಮಹಾ ಹಠಮಾರಿ. ಲೆನ್ಸ್ ತೆಗೆದು ಡಬ್ಬಿಯ ಸಮೇತ ವೈದ್ಯರಿಗೆ ಕೊಡಿ.

ಕರಿಗುಡ್ಡೆಯ ಮೇಲೆ ಬಿಳಿ, ಆದರೆ ನೋವಿಲ್ಲ

ವಯಸ್ಸಾದವರ ಕರಿಗುಡ್ಡೆಯ ಅಂಚಿನ ಸುತ್ತ ಬರುವ ಬೂದು ಉಂಗುರಕ್ಕೆ ಚಿಕಿತ್ಸೆ ಬೇಡ. ನಲವತ್ತರ ಒಳಗಿನವರಲ್ಲಿ ಕಂಡರೆ ಕೊಲೆಸ್ಟರಾಲ್ ಪರೀಕ್ಷಿಸಿ. ಮೂಗಿನ ಕಡೆಯಿಂದ ತ್ರಿಕೋನದ ಮಾಂಸ ಕರಿಗುಡ್ಡೆಯ ಮೇಲೆ ಹಬ್ಬುತ್ತಿದ್ದರೆ ಅದು ಬಿಸಿಲಿನ ಕಾಣಿಕೆ. ಪಾಪೆಯ ಕಡೆಗೆ ಮುಂದುವರಿಯುವವರೆಗೆ ಕಾಯಬಹುದು.

ಕನ್ನಡಕ ಬದಲಿಸಿದರೂ ಮಸುಕು

ಹದಿಹರೆಯದ ಮಕ್ಕಳು ಸದಾ ಕಣ್ಣು ಉಜ್ಜುತ್ತ, ಮೇಲಿಂದ ಮೇಲೆ ಕನ್ನಡಕದ ನಂಬರ್ ಬದಲಾಗುತ್ತ, ರಾತ್ರಿಯ ದೀಪಕ್ಕೆ ನೆರಳು ನೆರಳಾಗಿ ಬಾಲ ಕಂಡರೆ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುತ್ತಿದೆ. ಕೆರಟೊಕೋನಸ್ ಎನ್ನುತ್ತಾರೆ. ಬೇಗ ಸಿಕ್ಕಿದರೆ ಕಾರ್ನಿಯಾವನ್ನು ಗಟ್ಟಿ ಮಾಡುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ಅದನ್ನು ಅಲ್ಲಿಗೇ ನಿಲ್ಲಿಸುತ್ತದೆ, ಹಿಂದಕ್ಕೆ ತಿರುಗಿಸುವುದು ಕಷ್ಟ. ಹಿರಿಯರಲ್ಲಿ ಬೆಳಿಗ್ಗೆ ಮಸುಕು, ಮಧ್ಯಾಹ್ನಕ್ಕೆ ತಿಳಿ ಎಂಬ ಕ್ರಮ ಇದ್ದರೆ ಕಾರ್ನಿಯಾದ ಒಳಪದರ ನೀರು ಹೊರಹಾಕಲಾಗದೆ ಸೋಲುತ್ತಿದೆ.

ಆಸ್ಪತ್ರೆಗೆ ಹೊರಡುವಾಗ

ಶನಿವಾರ ಮಧ್ಯಾಹ್ನ ಶುರುವಾದ ನೋವನ್ನು ಸೋಮವಾರಕ್ಕೆ ಇಡಬೇಡಿ. ಇಲ್ಲಿಯವರೆಗೆ ಹಾಕಿದ ಎಲ್ಲ ಸೀಸೆಗಳನ್ನೂ, ಖಾಲಿಯಾದದ್ದನ್ನೂ ಒಂದು ಚೀಲದಲ್ಲಿ ತನ್ನಿ. ಯಾವುದು ಬಡಿಯಿತು, ಯಾವ ದಿನ, ಸಕ್ಕರೆ ಕಾಯಿಲೆ ಇದೆಯೇ ಎಂಬುದನ್ನು ಮೊದಲೇ ಹೇಳಿ. ಹುಣ್ಣನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕೆಂದರೆ ಒಪ್ಪಿಕೊಳ್ಳಿ. ಮರಗಟ್ಟಿಸುವ ಹನಿ ಹಾಕಿಯೇ ಕೆರೆಯುತ್ತಾರೆ, ಅದಿಲ್ಲದೆ ಬ್ಯಾಕ್ಟೀರಿಯಾವೋ ಶಿಲೀಂಧ್ರವೋ ಎಂದು ಖಚಿತವಾಗಿ ಹೇಳಲಾಗದು. ಮೊದಲ ದಿನಗಳಲ್ಲಿ ಗಂಟೆಗೊಮ್ಮೆ, ರಾತ್ರಿಯೂ ಮದ್ದು ಹಾಕಬೇಕಾಗುವುದರಿಂದ ಒಂಟಿಯಾಗಿ ಇರುವ ಅಜ್ಜ ಅಜ್ಜಿಯರ ಜೊತೆಗೆ ಒಬ್ಬರು ನಿಲ್ಲಬೇಕು. ಶಿಲೀಂಧ್ರದ ಹುಣ್ಣಿಗೆ ಕೊಡುವ ನಾಟಮೈಸಿನ್ ಬಿಳಿ ಗಸಿಯ ಹಾಗಿರುತ್ತದೆ. ಪ್ರತಿ ಸಲ ಸೀಸೆಯನ್ನು ಚೆನ್ನಾಗಿ ಕುಲುಕಿಯೇ ಹಾಕಿ, ಇಲ್ಲದಿದ್ದರೆ ಮದ್ದು ತಳದಲ್ಲಿ ಉಳಿದು ಕಣ್ಣಿಗೆ ಬೀಳುವುದು ಬರೀ ನೀರು.